ಲಕ್ಕಮ್ಮನ ಪಟ

ಹಿರಿಯರು ಬಂದು ಉಂಡುಹೋಗಲಿ ಎಂದು ಮುಚ್ಚಿದ್ದ ಬಾಗಿಲನ್ನು ಅಪ್ಪಯ್ಯಣ್ಣ ತೆಗೆದಾಗ, ಎಡೆಯ ಹಿಂದಿನ ಗೋಡೆಯ ಪಟದಲ್ಲಿ ನರಸಮ್ಮನಿಗೆ ಕಂಡದ್ದು ತನ್ನದೇ ಮುಖ. ಹಣೆಗೆ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ. ಕೆಳಗೆ ಬಾಳೆಯೆಲೆಯಲ್ಲಿ ಮುದ್ದೆ, ಬಾಡಿನ ಸಾರು, ಸತ್ತವಳಿಗೆ ಇಷ್ಟವೆಂದು ಎರಡೆಳೆ ಹೊಗೆಸೊಪ್ಪು. ನರಸಮ್ಮ ಹುಟ್ಟಿದಾಗಿನಿಂದ ಹೊಗೆಸೊಪ್ಪು ಮುಟ್ಟಿದವಳಲ್ಲ. ಪಕ್ಕದಲ್ಲಿದ್ದ ನೆಂಟರೊಬ್ಬರು “ಥೇಟು ಲಕ್ಕಮ್ಮನೇ ಕೂತಂಗದೆ” ಎಂದು ಕಣ್ಣೊರೆಸಿಕೊಂಡರು. ನರಸಮ್ಮ ಸೆರಗನ್ನು ತಲೆತುಂಬ ಎಳೆದುಕೊಂಡು, ಊಟಕ್ಕೂ ನಿಲ್ಲದೆ ಹೊರಟುಬಿಟ್ಟಳು.

ಅರಿಶಿನಕುಂಟೆಯ ಅಪ್ಪಯ್ಯಣ್ಣನ ಹೆಂಡತಿ ಲಕ್ಕಮ್ಮ ತೀರಿಹೋಗಿ ಅಂದಿಗೆ ವರ್ಷ. ಪಟ ಮಾಡಿಕೊಟ್ಟವರು ನರಸಮ್ಮನ ಗಂಡ, ನೆಲಮಂಗಲದ ಮಿಡ್ಲ್ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ವೆಂಕಟರಾಮಪ್ಪ. ತಮಗೆ ಪರೀಕ್ಷೆಯ ಕಾಗದ ತಿದ್ದುವುದಿದೆ ಎಂದು ಅರಿಶಿನಕುಂಟೆಯ ಊಟಕ್ಕೆ ಹೆಂಡತಿಯನ್ನು ಕಳಿಸಿದ್ದರು. ಕಳಿಸಬಾರದಿತ್ತು.

ಆಗ ಸುತ್ತಿನ ಹಳ್ಳಿಗಳಲ್ಲಿ ಫೋಟೋ ತೆಗೆಸಿಕೊಂಡು ಸಾಯುವ ಹೆಂಗಸರು ಇರಲಿಲ್ಲ. ಸತ್ತ ಮೇಲೆ ಪಟ ಬೇಕೆನಿಸಿದರೆ ಮನೆಯವರು ಮೇಷ್ಟ್ರ ಹತ್ತಿರ ಬರುತ್ತಿದ್ದರು. ಎರಡನೇ ಮಹಾಯುದ್ಧ ಶುರುವಾಗಿ ಐದು ವರ್ಷ, ಒಳ್ಳೆಯ ಬಣ್ಣ ಕಣ್ಣಿಗೂ ಬೀಳುತ್ತಿರಲಿಲ್ಲ. ಮೇಷ್ಟ್ರು ಅದಕ್ಕೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಸತ್ತವಳ ಸೀರೆಯ ತುಂಡು, ಒಡೆದ ಬಳೆ ತರಿಸಿಕೊಂಡು ಹುಣಸೆಬೀಜದ ಅಂಟಿನಲ್ಲಿ ರಟ್ಟಿಗೆ ಅಂಟಿಸುತ್ತಿದ್ದರು. ಮುಖವನ್ನು ಇಟ್ಟಿಗೆ ಪುಡಿ, ಅರಿಶಿನ, ದೀಪದ ಮಸಿಯಲ್ಲಿ ತಿದ್ದುತ್ತಿದ್ದರು. ಅಂಟಿನ ವಾಸನೆಗೆ ನರಸಮ್ಮ ಒಪ್ಪದ ಕಾರಣ ಇದೆಲ್ಲ ಪಾಠ ಮುಗಿದ ಮೇಲೆ ಸ್ಕೂಲಿನಲ್ಲೇ ನಡೆಯುತ್ತಿತ್ತು. “ನಿಮ್ಮೋಳು ಹೆಂಗಿದ್ಲು?” ಎಂದು ಕೇಳಿದರೆ ಎಲ್ಲ ಗಂಡಂದಿರೂ “ಲಕ್ಷಣವಾಗಿದ್ಲು” ಎನ್ನುತ್ತಿದ್ದರು. ಅಷ್ಟನ್ನೇ ನಂಬಿಕೊಂಡು ಮೂಗು ಬರೆಯಲಾಗುವುದಿಲ್ಲ.

ಮನೆಗೆ ಬಂದ ನರಸಮ್ಮ ಚಪ್ಪಲಿಯನ್ನೂ ಬಿಡದೆ ಗಂಡನೆದುರು ನಿಂತಳು.

“ನಾನು ಸತ್ತು ಎಷ್ಟು ದಿನ ಆಯ್ತು?”

ಮೇಷ್ಟ್ರಿಗೆ ಅರ್ಥವಾಯಿತು. ಪರೀಕ್ಷೆಯ ಕಾಗದದಿಂದ ತಲೆ ಎತ್ತಲಿಲ್ಲ. “ಗಲ್ಲ ಸ್ವಲ್ಪ ಬದಲಾಯಿಸಿದ್ದೆ,” ಎಂದರು.

“ಎಷ್ಟು ಮನೇಲಿ ನೇತಾಕಿದೀರಿ ನನ್ನ?”

“ಏಳು. ದಾಬಸ್‌ಪೇಟೇದೂ ಸೇರಿದ್ರೆ ಎಂಟು.”

“ಬದುಕಿರೋಳಿಗೆ ಹಾರ ಹಾಕಿ ಎಡೆ ಇಡ್ತಾವ್ರಲ್ರೀ! ನನ್ನ ಆಯಸ್ಸಿನ ಗತಿ ಏನು? ನೋಡ್ದೆ ಬರೆದ್ರೆ ಹುಡುಗರಿಗೆ ಬೆತ್ತ ತಗೋತೀರಂತೆ. ನಿಮಗೆ ಯಾರು ಹೊಡೀಬೇಕು?”

“ನೋಡೇ ಬರ್ದಿರೋದು ಕಣೇ. ಬೇರೆಯವರ ಮನೆ ಹೆಂಗಸರನ್ನ ಕೂತ್ಕೊಂಡು ನೋಡಕ್ಕಾಗತ್ತಾ? ನಾನು ಸರಿಯಾಗಿ ನೋಡಿರೋ ಮುಖ ಇದೊಂದೇ.”

ನರಸಮ್ಮನಿಗೆ ನಿಜವಾಗಿ ನೋವಾದದ್ದು ಆಗ. ದಿನಾ ಸಂಜೆ ಅವಳು ಜಗಲಿಯಲ್ಲಿ ರಾಗಿ ಕೇರುವಾಗ ಮೇಷ್ಟ್ರು ಎದುರು ಕೂತು, ಕಾಫಿ ಆರಿಹೋದರೂ ಕಣ್ಣು ಕೀಳದೆ ಅವಳನ್ನೇ ನೋಡುತ್ತಿದ್ದರು. ಮೂರು ಹೆತ್ತು, ಕೂದಲು ನೆರೆಯಲು ಶುರುವಾದ ತನ್ನನ್ನು ಗಂಡ ಹೀಗೆ ನೋಡುತ್ತಾನಲ್ಲ ಎಂದು ಅವಳು ಯಾರಿಗೂ ಹೇಳದೆ ಸಂತೋಷಪಟ್ಟಿದ್ದಳು. ಅದು ಸತ್ತವರ ಪಟದ ಕೆಲಸಕ್ಕಾಗಿ ಎಂದು ಗೊತ್ತಿರಲಿಲ್ಲ.

“ನಾನೇನೋ ಅಂದ್ಕೊಂಡಿದ್ದೆ,” ಎಂದಳು.

“ಅದೂ ಇತ್ತು,” ಎಂದರು ಮೇಷ್ಟ್ರು.

“ಏನೂ ಬೇಡ. ನಾಳೆನೇ ನನ್ನ ಮುಖ ಅಲ್ಲಿಂದ ತೆಗೀರಿ. ನಾನೂ ಬರ್ತೀನಿ.”

ಮಾರನೆಯ ದಿನ ಭಾನುವಾರ. ಕತ್ತರಿ, ಅಂಟಿನ ಡಬ್ಬಿ, ಇಟ್ಟಿಗೆ ಪುಡಿ ಹಿಡಿದು ಮೇಷ್ಟ್ರು ಮುಂದೆ, ನರಸಮ್ಮ ಹಿಂದೆ, ಇಬ್ಬರೂ ಅರಿಶಿನಕುಂಟೆಗೆ ನಡೆದರು. ಅಪ್ಪಯ್ಯಣ್ಣ ಚಾಪೆ ಹಾಸಿ, ನೀರು ಬೆಲ್ಲ ಕೊಟ್ಟ.

“ಯಜಮಾನ್ರೇ, ಒಂದು ತಪ್ಪಾಗಿದೆ,” ಎಂದರು ಮೇಷ್ಟ್ರು. “ಮುಖ ನಮ್ಮೋಳದು ಬಂದ್ಬಿಟ್ಟಿದೆ.”

ಅಪ್ಪಯ್ಯಣ್ಣ ಪಟ ನೋಡಿದ. ನರಸಮ್ಮನನ್ನು ನೋಡಿದ. ಮತ್ತೆ ಪಟ ನೋಡಿದ.

“ಹೌದಲ್ವಾ,” ಎಂದ. ಕೋಪ ಬಂದಂತೆ ಕಾಣಲಿಲ್ಲ. “ಸೀರೆ ಮಾತ್ರ ಅವಳ್ದೇ. ಅದನ್ನ ನೋಡ್ತಿದ್ದಂಗೇ ಗುರ್ತು ಸಿಕ್ತು.”

ಅವನೇ ಪಟ ಇಳಿಸಿ, ಹಾರ ತೆಗೆದು, ಚಾಪೆಯ ಮೇಲಿಟ್ಟ. ಮೇಷ್ಟ್ರು ಕತ್ತರಿ ಕೈಗೆ ತೆಗೆದುಕೊಂಡರು. ಇನ್ನೊಬ್ಬಳ ಮನೆಯಲ್ಲಿ ತನ್ನ ಹಣೆಯ ಮೇಲೆ ಕತ್ತರಿ ಆಡುವುದನ್ನು ನೋಡಲಾರದೆ ನರಸಮ್ಮ ಗೋಡೆಯ ಕಡೆ ತಿರುಗಿದಳು.

“ಈಗ ಸರಿಯಾಗಿ ಹೇಳಿ. ಮೂಗು ಹೆಂಗಿತ್ತು? ಉದ್ದಾನೋ, ಮೊಂಡೋ?”

ಅಪ್ಪಯ್ಯಣ್ಣ ಯೋಚನೆ ಮಾಡಿದ.

“ಹೋಗ್ಲಿ, ಹಣೆ? ಅಗಲವಾಗಿತ್ತಾ?”

ಅಪ್ಪಯ್ಯಣ್ಣ ಕಣ್ಣು ಮುಚ್ಚಿದ. ನಿದ್ದೆ ಹೋದನೇನೋ ಎಂದು ನರಸಮ್ಮ ಇತ್ತ ತಿರುಗಿ ನೋಡಿದಳು.

“ನಲವತ್ತು ವರ್ಷ ಇಕ್ಕಿದ್ಲು ಮೇಷ್ಟ್ರೇ,” ಎಂದ ಕೊನೆಗೆ. “ನಾನು ತಟ್ಟೆ ನೋಡ್ಕೊಂಡು ಉಣ್ತಿದ್ದೆ. ಮುದ್ದೆ ಇಕ್ಕೋ ಕೈ ಕಾಣ್ತಿತ್ತು. ನೀವು ಕೈ ಬರ್ದಿದ್ರೆ ಸರಿಯೋ ತಪ್ಪೋ ಹೇಳ್ಬಿಡ್ತಿದ್ದೆ. ಮುಖ ಕೇಳಿದ್ರೆ ನಾನೇನ್ ಹೇಳ್ಲಿ?”

ಮೇಷ್ಟ್ರ ಕತ್ತರಿ ಇನ್ನೂ ಪಟಕ್ಕೆ ತಾಗಿರಲಿಲ್ಲ. ನರಸಮ್ಮ ಪಟವನ್ನು ಎತ್ತಿಕೊಂಡು, ಅದರಲ್ಲಿದ್ದ ತನ್ನ ಮುಖದ ಧೂಳನ್ನು ಸೆರಗಿನಿಂದ ಒರೆಸಿ, ಮತ್ತೆ ಮೊಳೆಗೆ ಹಾಕಿದಳು. ಹಾರವನ್ನೂ ತಾನೇ ಹಾಕಿದಳು.