ಚಿಕ್ಕತಾಯಮ್ಮನ ಒಂಬತ್ತು ಸೊನ್ನೆ

ಓದಿದ ಮೇಲೆ ನನ್ನನ್ನು ಬೈದರೂ ಪರವಾಗಿಲ್ಲ... ಪೂರ್ತಿ ಓದಿ.

ಖಿನ್ನತೆ ಪತ್ತೆ ಮಾಡುವ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ನಮ್ಮ ಸಂಶೋಧನಾ ತಂಡ ಕನ್ನಡಕ್ಕೆ ತಂದಿತ್ತು. ಅದು ನಮ್ಮ ಜನಕ್ಕೆ ಹೊಂದುತ್ತದೆಯೇ ಎಂದು ನೋಡಲು ನಾನು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೂತಿದ್ದೆ.

ಒಂಬತ್ತು ಪ್ರಶ್ನೆ. ಚೀಟಿ ಮಾಡಿಸುವ ಸಾಲಿನಲ್ಲೇ ಗಟ್ಟಿಯಾಗಿ ಓದಿ ಟಿಕ್ ಹಾಕುತ್ತಿದ್ದೆ. ನನ್ನ ಸ್ಪೀಡಿಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ...

ಅಂಕ ಎಷ್ಟೇ ಬರಲಿ, ಒಳಗೆ ಕೂತಿರುವ ನಮ್ಮ ತಂಡದ ಮನೋವೈದ್ಯೆ ಅದನ್ನು ನೋಡದೆ ಎಲ್ಲರನ್ನೂ ಮತ್ತೊಮ್ಮೆ ಮಾತಾಡಿಸಬೇಕು. ಪ್ರಶ್ನಾವಳಿ ಸರಿಯೋ ತಪ್ಪೋ ತಿಳಿಯುವುದೇ ಹಾಗೆ. ಆದರೆ ಕೆಲಸ ಬೇಗ ಮುಗಿಯಲೆಂದು ಸೊನ್ನೆ ಬಂದವರನ್ನು ನಾನು ಮೆಲ್ಲಗೆ ಮನೆಗೆ ಕಳಿಸುತ್ತಿದ್ದೆ.

ಅವತ್ತು ಶಾಲೆಗೆ ರಜೆ. ಬಿಸಿಯೂಟದ ಅಡುಗೆಯ ಚಿಕ್ಕತಾಯಮ್ಮ ಮಂಡಿ ನೋವೆಂದು ಬಂದರು.

"ಬದುಕೇ ಬೇಡ ಅನ್ನಿಸುತ್ತಾ?"

"ಇಲ್ಲ ಕಣವ್ವ."

ಒಂಬತ್ತಕ್ಕೂ ಇಲ್ಲ. ಒಟ್ಟು ಸೊನ್ನೆ.

ಕಳಿಸುವಷ್ಟರಲ್ಲಿ ಮನೋವೈದ್ಯೆ ಹೊರಬಂದರು. "ವಿನುತಾ, ಇವರನ್ನ ಒಳಗೆ ಕೂರಿಸಿ. ಬಾಗಿಲು ಹಾಕಿ."

ಅವರು ಹಾಳೆ ಮುಟ್ಟಲಿಲ್ಲ. ಏನು ಕೆಲಸವೆಂದು ಕೇಳಿ ತಿಳಿದುಕೊಂಡರು. "ನಿನ್ನೆ ಮಕ್ಕಳಿಗೆ ಏನಮ್ಮ ಮಾಡಿದ್ರಿ?"

"ಬೇಳೆ ಸಾರು ತಾಯಿ... ಉಪ್ಪು ಜಾಸ್ತಿ ಅಂತ ತಟ್ಟೆ ಬಿಟ್ಟು ಎದ್ದೋದ್ವು. ಮೂರು ತಿಂಗಳಿಂದ ನಂಗೆ ರುಚಿನೇ ಗೊತ್ತಾಗ್ತಿಲ್ಲ. ಮಕ್ಕಳು ಹಸ್ಕೊಂಡು ಎದ್ರೂ ಅಯ್ಯೋ ಅನ್ನಿಸ್ಲಿಲ್ಲ... ಇದ್ದಾದ್ರೂ ಏನ್ ಮಾಡ್ಲಿ?"

ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು.

ನನಗೆ ತಡೆಯಲಾಗಲಿಲ್ಲ. "ಹೊರಗೆ ಇಲ್ಲ ಅಂದ್ರಲ್ಲಮ್ಮ?"

"ನನ್ನ ಹಿಂದೆ ಯಾರ್ ನಿಂತಿದ್ರು ನೋಡಿದ್ಯಾ? ನನ್ನ ಕೈಯಲ್ಲಿ ಉಣ್ಣೋ ಮಕ್ಕಳ ತಾಯಂದ್ರು. ಸಾಯೋ ಯೋಚ್ನೆ ಮಾಡೋಳು ಬೇಯ್ಸಿದ್ದನ್ನ ಯಾರವ್ವ ಮಕ್ಕಳಿಗೆ ತಿನ್ಸ್ತಾರೆ?"

ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು... "ಮಂಡಿ ನೋವೂ ಸುಳ್ಳೇ. ಯಾರಾದ್ರೂ ಒಳಗೆ ಕರೆದು ಕೇಳ್ತಾರೇನೋ ಅಂತ ಇದಕ್ಕೂ ಮುಂಚೆ ನಾಕು ಸಲ ಬಂದಿದ್ದೆ."

ನಾಲ್ಕು ಸಲವೂ ಮಾತ್ರೆ ಕೊಟ್ಟು ಕಳಿಸಿದ್ದರು. ಐದನೆಯ ಸಲ ಕಳಿಸಲು ಹೊರಟವಳು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವರಿಗೆ ಚಿಕಿತ್ಸೆ ಶುರುವಾಗಿದೆ. ರುಚಿ ಇನ್ನೂ ಮರಳಿಲ್ಲ. ಸದ್ಯಕ್ಕೆ ಉಪ್ಪು ನೋಡುವುದು ಜೊತೆಯ ಅಡುಗೆಯವರು.

ಈಗ ನಾನೂ ಬಾಗಿಲು ಹಾಕಿಯೇ ಕೇಳುತ್ತೇನೆ. ಮೊದಲು ಹಾಗೇ ಕಳಿಸಿಬಿಟ್ಟಿದ್ದ ಹನ್ನೊಂದು ಜನರನ್ನು ಮನೆಮನೆಗೆ ಹೋಗಿ ಹುಡುಕಿದೆ. ಒಂಬತ್ತು ಜನ ಸಿಕ್ಕರು.

ಇನ್ನಿಬ್ಬರನ್ನು ಇನ್ನೂ ಹುಡುಕುತ್ತಿದ್ದೇನೆ...

ನೋವನ್ನು ಕೇಳುವ ಮೊದಲು, ಅದನ್ನು ಹೇಳಿಕೊಳ್ಳಲು ಒಂದು ಮರೆ ಕೊಡಿ.

ನೀವು ಕೊನೆಯ ಸಲ ಯಾರನ್ನೋ "ಹೇಗಿದ್ದೀರಾ?" ಎಂದು ಕೇಳಿದಾಗ... ಪಕ್ಕದಲ್ಲಿ ಯಾರ್ಯಾರು ನಿಂತಿದ್ದರು?