ನಕ್ಷೆಯ ನಾಲ್ಕು ಕಿಲೋಮೀಟರ್

ಪುರಸಭೆಯ ಅಂಕಿಅಂಶ ಅಧಿಕಾರಿ ಮೇಲೂರಿನ ಆರೋಗ್ಯ ಕೇಂದ್ರಕ್ಕೆ ಬಂದು ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಬೆಳಗ್ಗೆ ಏಳಕ್ಕೆ ಪೇಟೆ ಬಿಟ್ಟವರು. ಕೊನೆಯ ಏರಿನಲ್ಲಂತೂ ಕುರಿ ಕಾಯುವ ಇಬ್ಬರು ಎರಡೂ ರಟ್ಟೆ ಹಿಡಿದು ಎಳೆದುಕೊಂಡು ಬರಬೇಕಾಯಿತು. ನರ್ಸಮ್ಮ ಅವರನ್ನು ಅಲ್ಲಿದ್ದ ಒಂದೇ ಮಂಚದ ಮೇಲೆ ಮಲಗಿಸಿ, ಪ್ಯಾಂಟು ಮಡಚಿ ನೋಡಿದಳು. ಎರಡು ಮಂಡಿಯೂ ಊದಿದ್ದವು. "ಉಸ್ಸಪ್ಪಾ" ಅನ್ನುವುದೊಂದು ಬಿಟ್ಟರೆ ಅರ್ಧ ಗಂಟೆ ಸಾಹೇಬರ ಬಾಯಿಂದ ಬೇರೆ ಮಾತು ಹೊರಡಲಿಲ್ಲ.

ಬಂದದ್ದು ಘನಕಾರ್ಯಕ್ಕೆ. ಪುರಸಭೆಯ ಭೌಗೋಳಿಕ ವಿವರ ಮತ್ತು ಜನಸಂಖ್ಯೆಯ ವರದಿ ಸಿದ್ಧವಾಗಿ ಕೂತಿತ್ತು. ಮೇಲೂರಿನ ತಲೆ ಎಣಿಸುವುದೊಂದೇ ಬಾಕಿ. ಮುನ್ನೂರು ಜನ ಇಲ್ಲದ ಊರಿಗೆ ಆರೋಗ್ಯ ಕೇಂದ್ರ ಬೇಕೆಂದರೆ ಪೇಟೆಯ ಆಸ್ಪತ್ರೆ ಐದು ಕಿಲೋಮೀಟರಿಗಿಂತ ದೂರ ಇರಬೇಕು, ಇಲ್ಲದಿದ್ದರೆ ಮುಚ್ಚಬೇಕು ಎಂದು ನಿಯಮ. ನರ್ಸಮ್ಮನ ರಿಜಿಸ್ಟರಿನ ಪ್ರಕಾರ ಮೇಲೂರಿನಲ್ಲಿರುವುದು ನೂರ ಎಂಬತ್ತೇಳು ಜನ. ಇನ್ನು ದೂರವೇ ಕೇಂದ್ರವನ್ನು ಉಳಿಸಬೇಕು. ಸಾಹೇಬರು ಆ ಕಾಲಂ ಮೊದಲೇ ತುಂಬಿಕೊಂಡು ಬಂದಿದ್ದರು. ಕಚೇರಿಯ ಮೇಜಿನ ಮೇಲೆ ನಕ್ಷೆ ಹಾಸಿ, ಸ್ಕೇಲಿಟ್ಟು ಅಳೆದಿದ್ದರು: ನಾಲ್ಕು ಕಿಲೋಮೀಟರ್. ಕುರ್ಚಿಯಲ್ಲಿ ಕೂತು ಬೆಟ್ಟ ಅಳೆಯುವ ಸುಖವೇ ಬೇರೆ.

ಕಿಟಕಿಯಿಂದ ಪೇಟೆಯ ಆಸ್ಪತ್ರೆಯ ತಗಡಿನ ಮಾಡು ಕಾಣುತ್ತಿತ್ತು. ಹಕ್ಕಿಗಾದರೆ ನಾಲ್ಕೇ ಸರಿ. ಕಾಲಿರುವವರು ಕಮರಿಗಿಳಿದು, ಹೊಳೆ ದಾಟಿ, ಎರಡು ಗುಡ್ಡ ಸುತ್ತಿ ಹತ್ತೊಂಬತ್ತು ನಡೆಯಬೇಕು. ನರ್ಸಮ್ಮ ಮಂಡಿಗೆ ಮುಲಾಮು ತಿಕ್ಕುತ್ತಲೇ ಇದನ್ನು ಹೇಳಿದಳು. ಬಾಗಿಲ ಬಳಿ ಅಜ್ಜಿಯೊಬ್ಬಳು ತುಂಬು ಗರ್ಭಿಣಿ ಮೊಮ್ಮಗಳ ಜೊತೆ ಕೂತಿದ್ದಳು. ಕೇಂದ್ರ ತೆರೆಯುವ ಮುಂಚೆ ಆ ಹುಡುಗಿಯ ಮೊದಲನೇ ಮಗು ಇದೇ ದಾರಿಯ ಅರ್ಧದಲ್ಲಿ ಹೋಗಿತ್ತು, ಈಗ ದಿನ ತುಂಬಿದೆ ಎಂದೂ ನರ್ಸಮ್ಮನೇ ಹೇಳಿದಳು.

ಮುಲಾಮು ತಾಗಿದ ಮೇಲೆ ಸಾಹೇಬರಿಗೆ ಬಾಯಿ ಬಂತು. ನಕ್ಷೆಯಲ್ಲಿರುವ ದೂರವೇ ದೂರ, ಏರಿಳಿತಕ್ಕೆ ಕಾಲಂ ಇಲ್ಲ ಎಂದರು. ಅದೂ ಅಲ್ಲದೆ ಆ ಪುಟಕ್ಕೆ ಅಧ್ಯಕ್ಷರ ಸಹಿ ಬಿದ್ದಾಗಿದೆ, ಈಗ ತಿದ್ದಿದರೆ ತಾವು ಬೈಸಿಕೊಳ್ಳಬೇಕಾಗುತ್ತದೆ ಎಂದರು.

"ನಮ್ಮ ಬೆಟ್ಟಕ್ಕೆ ಇಸ್ತ್ರಿ ಹಾಕಿ ಕಾಗದದ ಮೇಲೆ ಮಲಗಿಸಿಬಿಟ್ರಾ ಸ್ವಾಮಿ?" ಎಂದಳು ಅಜ್ಜಿ. "ಹೋಗಲಿ, ಇವಳ ಹೊಟ್ಟೇಲಿರೋದನ್ನಾದ್ರೂ ಎಣಿಸಿದ್ರಾ?"

"ಹುಟ್ಟಿದ್ಮೇಲೆ ಸೇರಿಸ್ತಾರೆ ಅಜ್ಜಿ" ಎಂದರು ಸಾಹೇಬರು.

ನೂರ ಎಂಬತ್ತೆಂಟಾದರೆ ಅವರಪ್ಪನ ಗಂಟೇನು ಹೋಗುತ್ತದೆ, ಮುನ್ನೂರಂತೂ ಆಗುವುದಿಲ್ಲವಲ್ಲ. ಅಜ್ಜಿಗೆ ಬೆನ್ನು ಹಾಕಿ ಸಾಹೇಬರು ನರ್ಸಮ್ಮನ ಕಡೆ ಹಲ್ಲು ಕಿರಿದರು. ಅವರಿಗೊಂದು ಸರ್ಟಿಫಿಕೇಟ್ ಬೇಕಿತ್ತು. ಹತ್ತು ದಿನ ವಿಶ್ರಾಂತಿ ಬೇಕು ಎಂದು ಬರೆದುಕೊಟ್ಟರೆ ಸಾಕು, ರಜೆ ಸಿಗುತ್ತದೆ. ನರ್ಸಮ್ಮ ಫಾರಂ ತೆಗೆದು ಹೆಸರು, ವಯಸ್ಸು ಬರೆದುಕೊಂಡಳು. ತೊಂದರೆಗೆ ಕಾರಣ ಏನು ಎಂದು ಕೇಳಿದಳು.

"ಹತ್ತೊಂಬತ್ತು ಕಿಲೋಮೀಟರ್ ಬೆಟ್ಟದ ದಾರೀಲಿ ನಡೆದದ್ದು ಅಂತ ಬರೀರಿ ಸಿಸ್ಟರ್."

ಹೇಳುವಾಗ ನಾಲಿಗೆ ಒಂಚೂರೂ ತೊದಲಲಿಲ್ಲ. ನರ್ಸಮ್ಮ ಪೆನ್ನು ಕೆಳಗಿಟ್ಟಳು.

"ಇದೂ ನಿಮ್ಮ ಕಚೇರಿಗೇ ಹೋಗುತ್ತೆ ಸರ್. ಇಲ್ಲಿ ಹತ್ತೊಂಬತ್ತು ಅಂತ ಬರೆದ್ರೆ ನಿಮ್ಮ ವರದೀಲೂ ಹತ್ತೊಂಬತ್ತೇ ಇರಬೇಕು. ನಾಲ್ಕು ಅಂದ್ರೆ ನಾಲ್ಕೇ ಬರೀತೀನಿ, ಆದ್ರೆ ರಜೆ ಇಲ್ಲ. ನಾಲ್ಕು ಕಿಲೋಮೀಟರಿಗೆಲ್ಲ ಯಾರ ಮಂಡೀನೂ ಹೀಗೆ ಊದಲ್ಲ. ಯಾವುದು ಬರೀಲಿ, ಹೇಳಿ."

ಮೊಮ್ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸಾಹೇಬರ ಬಾಯಿಯನ್ನೇ ನೋಡುತ್ತಿದ್ದಳು. ಸಾಹೇಬರು ತಮ್ಮ ಮಂಡಿ ನೋಡಿಕೊಂಡರು, ಮುಟ್ಟಿ ನೋಡಿಕೊಂಡರು. ಮಂಡಿ ವಾರದಲ್ಲಿ ಇಳಿದೀತು, ಅಧ್ಯಕ್ಷರ ಸಿಟ್ಟು ಇಳಿಯುವುದಿಲ್ಲ.

"ನಾಲ್ಕೇ ಬರೀರಿ" ಎಂದರು.

ನರ್ಸಮ್ಮ ಬರೆದಳು. ಕೆಲಸಕ್ಕೆ ಹೋಗಲು ಅಡ್ಡಿಯಿಲ್ಲ ಎಂದೂ ಸೇರಿಸಿ ಮೊಹರು ಒತ್ತಿದಳು. ಇಂಥವನ ಮಂಡಿಗೆ ಅರ್ಧ ಡಬ್ಬಿ ಮುಲಾಮು ಸುರಿದೆನಲ್ಲ ಎಂದು ಅವಳ ಹೊಟ್ಟೆ ಉರಿದುಹೋಯಿತು. ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡಳು.

ಸಾಹೇಬರಿಗೆ ಆ ರಾತ್ರಿ ಉಳಿಯಲು ಎದುರು ಮನೆಯಲ್ಲಿ ಏರ್ಪಾಡಾಗಿತ್ತು. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದರು. ಅಂಗಳಕ್ಕೆ ಮೂರು ಮೆಟ್ಟಿಲು. ಬಲಗಾಲು ಚಾಚಿದರು, ಹಿಂದಕ್ಕೆಳೆದುಕೊಂಡರು. ಎಡಗಾಲು ಚಾಚಿದರು, ಅದನ್ನೂ ಎಳೆದುಕೊಂಡರು. ಯಾರಾದರೂ ಕೈ ಕೊಟ್ಟಾರೇನೋ ಎಂದು ಹಿಂತಿರುಗಿ ನೋಡಿದರು. ಯಾರೂ ಏಳಲಿಲ್ಲ.

"ಇಳೀರಿ ಸರ್, ಏನಾಗಲ್ಲ" ಎಂದಳು ನರ್ಸಮ್ಮ, ಮುಲಾಮಿನ ಮುಚ್ಚಳ ತಿರುಗಿಸುತ್ತ. "ನಕ್ಷೇಲಿ ಮೆಟ್ಟಿಲು ಇಲ್ಲ."