ಹಿಪ್ಪುನೇರಳೆ ಪೀಪಾಯಿ

ಚಿಕ್ಕಪ್ಪ ಓತಾರ್ ಪೀಪಾಯಿಯ ಬಿರಡೆ ಕಿತ್ತು ಮೂಗು ಒಡ್ಡಿದಾಗ, ಎತೇರಿ ಸಾರಾಯಿ ಇಳಿಸುವ ತಾಮ್ರದ ಹಂಡೆಯ ಮುಚ್ಚಳದ ಸುತ್ತ ಆವಿ ಹೋಗದಂತೆ ಹಿಟ್ಟಿನ ಕಣಕ ಮೆತ್ತುತ್ತಿದ್ದಳು. ಅವಳು ಹುಟ್ಟಿದ ವರ್ಷ ಅಪ್ಪ ದ್ರಾಕ್ಷಿ ಹಿಂಡಿಯಿಂದ ಇಳಿಸಿದ ಸಾರಾಯಿ ಅದು. ಅವಳ ಮದುವೆಗೆಂದು ಹಿಪ್ಪುನೇರಳೆ ಮರದ ಪೀಪಾಯಿಯಲ್ಲಿ ಮೂವತ್ತೊಂಬತ್ತು ವರ್ಷ ಕೂತು ಜೇನಿನ ಬಣ್ಣಕ್ಕೆ ತಿರುಗಿತ್ತು.

"ನಾಳೆ ತೆಲಾವಿಯಲ್ಲಿ ನನ್ನ ಮಗನ ಮದುವೆಗೆ ಇದನ್ನ ಒಯ್ತೀನಿ ಕಣಮ್ಮ," ಎಂದ. "ನಿನ್ನ ಮದುವೆಗೆ ಕಾದ್ರೆ ಪೀಪಾಯಿಗೇ ಗಡ್ಡ ಬರುತ್ತೆ."

"ಅದು ನಂದು, ಚಿಕ್ಕಪ್ಪ."

"ನಿಂದಲ್ಲ, ನಿನ್ನ ಗಂಡಂದು. ಎಲ್ಲಿದಾನೆ, ಕರಿ ನೋಡೋಣ!"

ಎತೇರಿ ಕೈಗಂಟಿದ ಕಣಕ ಒರೆಸಿಕೊಂಡಳು. ಆ ಬೆಳಗ್ಗೆಯಷ್ಟೇ ಇಳಿಸಿದ, ನೀರಿನಂತೆ ತಿಳಿಯಾದ, ಗಂಟಲು ಸುಡುವ ಹೊಸ ಸಾರಾಯಿಯ ಬಿಂದಿಗೆ ಎತ್ತಿ ತಂದು, ಓತಾರ್ ಕೈ ಅಡ್ಡ ತರುವ ಮೊದಲೇ ಪೀಪಾಯಿಗೆ ಬಗ್ಗಿಸಿದಳು. ಇಷ್ಟು ವರ್ಷಗಳಲ್ಲಿ ಆರಿ ಖಾಲಿಯಾಗಿದ್ದಷ್ಟೂ ತುಂಬಿ ಬಾಯಿಮಟ್ಟ ಬಂತು.

"ಅಯ್ಯೋ ಹುಚ್ಚಿ! ಹಸಿ ಸಾರಾಯಿ ಬೆರೆಸಿಬಿಟ್ಯಲ್ಲೇ! ಇನ್ನು ಹತ್ತು ವರ್ಷ ಯಾರು ಬಾಯಿಗಿಡ್ತಾರೆ ಇದನ್ನ?"

ಎತೇರಿ ಬಿರಡೆಯನ್ನು ಅವನ ಕೈಯಿಂದ ಕಿತ್ತುಕೊಂಡು, ಮುಷ್ಟಿಯಿಂದ ಗುದ್ದಿ ಕೂರಿಸಿದಳು.

"ಹತ್ತು ವರ್ಷ ಆದ್ಮೇಲೆ ನಾನಿಡ್ತೀನಿ," ಎಂದಳು. "ನಲವತ್ತೊಂಬತ್ತಕ್ಕೆ."